ಹಸಿದವರಿಗಾಗಿ ತೂಕ ಇಳಿಸಿದ್ದು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದಿನಾ ಮಧ್ಯಾಹ್ನ ಅರವತ್ತು ಜನಕ್ಕೆ ಪುಕ್ಕಟೆ ಊಟ ಹಾಕುವ ಮನೆಯೊಂದಿತ್ತು. ಅಲ್ಲಿ ಅಡುಗೆ ಮಾಡುವಾಕೆಗೆ ಸೌಟಕ್ಕ ಎಂಬ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ, ಹೆತ್ತವರು ಇಟ್ಟ ಹೆಸರಿಗಾಗಿ ಅವಳ ಗಂಡನೇ ತಡಕಾಡಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅದೇ ಒಲೆ, ಅದೇ ಹಂಡೆ. ಮುಚ್ಚಳ ತೆಗೆದು ನೋಡುವವಳಲ್ಲ. ಕುದಿಯುವ ಸದ್ದು ಕೇಳಿಯೇ ಅನ್ನ ಎಲ್ಲಿಗೆ ಬಂತೆಂದು ಹೇಳುವಳು. ವಾರಕ್ಕೊಂದು ಮೂಟೆ ಅಕ್ಕಿ ಮೂಲೆಯ ಕಿರಾಣಿ ಅಂಗಡಿಯವನದು. ಕೊಟ್ಟೆ ಎಂದು ಅವನು ಯಾರ ಹತ್ತಿರವೂ ಬಾಯಿ ಬಿಟ್ಟವನಲ್ಲ.

ಎದುರಿಗೆ ಗಾಜಿನ ಗೋಡೆಯ ಜಿಮ್ ಬಂತು. ದುಡ್ಡು ಕೊಟ್ಟು ಒಳಗೆ ಹೋಗಿ, ನಿಂತಲ್ಲೇ ಓಡಿ, ಎಲ್ಲಿಗೂ ತಲುಪದೆ ಏದುಸಿರು ಬಿಡುತ್ತ ಹೊರಬರುವವರನ್ನು ಕಂಡು ಸೌಟಕ್ಕನಿಗೆ ಅಯ್ಯೋ ಪಾಪ ಅನಿಸುತ್ತಿತ್ತು.

ಒಂದು ದಿನ ಜಿಮ್ಮಿನ ಯಜಮಾನನೇ ಅಡುಗೆಮನೆಗೆ ಬಂದ.

"ಅಕ್ಕಾ, ಇನ್ನು ಅಕ್ಕಿ ಚಿಂತೆ ನಮಗೆ ಬಿಡಿ. ನಮ್ಮಲ್ಲಿ ನಲವತ್ತು ಜನ ಇದ್ದಾರೆ. ಈ ತಿಂಗಳು ಎಲ್ಲರೂ ಸೇರಿ ಎಷ್ಟು ಕೆಜಿ ಇಳೀತಾರೋ, ಅದರ ಐದು ಪಟ್ಟು ಅಕ್ಕಿ ನಿಮಗೆ!"

"ಇಳೀದೇ ಇದ್ದರೆ?"

"ಛೇ, ಬಿಡ್ತು ಅನ್ನಿ!"

ಸುದ್ದಿ ಕಿರಾಣಿಯವನ ಕಿವಿಗೂ ಬಿತ್ತು. ಅಷ್ಟು ದೊಡ್ಡವರು ಕೈ ಹಾಕಿದ ಮೇಲೆ ತನ್ನದೊಂದು ಮೂಟೆ ಯಾವ ಮೂಲೆಗೆ ಎಂದುಕೊಂಡು ಅವನು ನಿಲ್ಲಿಸಿಯೇಬಿಟ್ಟ. ಸೌಟಕ್ಕ ಉಗ್ರಾಣದಲ್ಲಿದ್ದುದನ್ನೇ ಎಳೆದಾಡಿಕೊಂಡು ತಿಂಗಳು ದೂಡಿದಳು. ಕೊನೆಯ ದಿನ ಡಬ್ಬದ ತಳ ಕೆರೆದು ಹಂಡೆಗೆ ಹಾಕಿ, ಊಟ ಬಡಿಸಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಿಮ್ಮಿಗೆ ಹೋದಳು. ನಾಳೆಗೆ ಒಂದು ಕಾಳೂ ಇರಲಿಲ್ಲ.

ಒಳಗೆ ತೂಕ ಹಾಕುವುದು ನಡೆದಿತ್ತು. ಯಜಮಾನನ ಮುಖ ಬಾಡಿತ್ತು.

"ಒಟ್ಟು ಎಷ್ಟಾಯ್ತಪ್ಪಾ?"

"ಹತ್ತೊಂಬತ್ತು ಕೆಜಿ, ಅಕ್ಕಾ."

"ಇಳಿದರಾ?"

"ಏರಿದಾರೆ."

ಬಿಳಿ ಬೂಟಿನ ಹೆಂಗಸೊಬ್ಬಳು ಮುಂದೆ ಬಂದು ಸಮಾಧಾನ ಹೇಳಿದಳು. "ತಪ್ಪು ತಿಳೀಬೇಡಿ ಅಮ್ಮಾ. ಮೊದಲ ತೂಕ ಜಾಸ್ತಿ ಇದ್ದಷ್ಟೂ ಇಳಿಯೋದು ಜಾಸ್ತಿ, ನಿಮಗೆ ಅಕ್ಕಿನೂ ಜಾಸ್ತಿ ಅಲ್ವಾ? ಅದಕ್ಕೇ ಆ ಮೊದಲ ತೂಕಕ್ಕೆ ಮುಂಚೆ ಒಂದು ವಾರ ಎಲ್ಲರೂ ಹೊಟ್ಟೆ ಬಿರಿಯೋ ಹಾಗೆ ತಿಂದ್ವಿ. ನಿಮಗೋಸ್ಕರಾನೇ. ಆಮೇಲೆ ಬಾಯಿ ಕಟ್ಟೋಕೆ ಆಗ್ಲಿಲ್ಲ."

ಹಸಿದವರಿಗಾಗಿ ಇಷ್ಟೊಂದು ತಿಂದವರನ್ನು ಸೌಟಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಅವಳ ಕಣ್ಣು ತುಂಬಿ ಬರಲಿಲ್ಲ ಎಂದರೆ ಅದು ಅವಳ ಕಲ್ಲುಮನಸ್ಸು.

"ಲೆಕ್ಕ ನೋಡಿದರೆ ನೀವೇ ನಮಗೆ ಅಕ್ಕಿ ಕೊಡಬೇಕಾಗುತ್ತೆ," ಎಂದು ಹಿಂದಿನಿಂದ ಯಾರೋ ನಕ್ಕರು.

"ಅಕ್ಕಿ ಯಾಕಪ್ಪಾ? ಒಂದು ತಿಂಗಳು ನಮ್ಮಲ್ಲೇ ಉಣ್ಣೋಕೆ ಬನ್ನಿ. ಇಪ್ಪತ್ತಾರು ವರ್ಷದಲ್ಲಿ ನಮ್ಮಲ್ಲಿ ಉಂಡು ದಪ್ಪ ಆದವರು ಒಬ್ಬರೂ ಇಲ್ಲ."

ಸೌಟಕ್ಕ ನೆಟ್ಟಗೆ ಕಿರಾಣಿ ಅಂಗಡಿಗೆ ನಡೆದಳು.

"ಅವರು ಕೊಡ್ತಾರಂತಲ್ಲಕ್ಕಾ?" ಅಂದ ಅವನು.

ಅವಳು ನಡೆದದ್ದೆಲ್ಲ ಹೇಳಿದಳು. ಅವನು ನಗಲು ಹೋಗಿ, ಅರ್ಧಕ್ಕೇ ನಿಲ್ಲಿಸಿ, ತಲೆ ಕೆರೆದುಕೊಂಡ. "ಒಂದು ಮಾತು ನಿಮ್ಮನ್ನ ಕೇಳಿ ನಿಲ್ಲಿಸಬೇಕಾಗಿತ್ತು ನಾನು," ಎಂದು ಒಳಗಿಂದ ಮೂಟೆ ಎಳೆದು ಬಾಗಿಲಿಗೆ ತಂದಿಟ್ಟ.

ಅಷ್ಟರಲ್ಲಿ ಜಿಮ್ಮಿನ ಯಜಮಾನ ಫೋನು ಹಿಡಿದು ಓಡಿ ಬಂದ. "ಅಕ್ಕಾ, ಮೂಟೆ ಜೊತೆ ನನ್ನದೊಂದು ಫೋಟೋ ಆಗಲಿ. ಅಕ್ಕಿ ಕೊಟ್ಟಾಯ್ತಾ ಅಂತ ಎಲ್ಲರೂ ಕೇಳ್ತಿದ್ದಾರೆ."

"ಆಗಲಿ ಮಗಾ. ಹೆಗಲ ಮೇಲೆ ಇಟ್ಕೊಂಡರೆ ಚೆನ್ನಾಗಿ ಕಾಣ್ತೀಯ."

ಕಿರಾಣಿಯವನು ಮೂಟೆ ಎತ್ತಿ ಅವನ ಹೆಗಲಿಗೇರಿಸಿದ. ಸೌಟಕ್ಕ ಫೋನು ಇಸಿದುಕೊಂಡು ಮುಂದೆ ನಡೆದಳು.

"ಫೋಟೋ ಅಕ್ಕಾ!"

"ಇಲ್ಲಿ ಬೆಳಕು ಸಾಲದು. ಅಡುಗೆಮನೆ ಹತ್ತಿರ ಚೆನ್ನಾಗಿದೆ, ಬಾ."