ಕೆಮಿಸ್ಟ್ರಿ ಮೇಡಂ ಗೇಟಿಗೆ ಬಂದ ದಿನ

ನಮ್ಮ ಕೆಮಿಸ್ಟ್ರಿ ಮೇಡಂ ದಿನವೂ ತೊಂಡೇಬಾವಿಯಿಂದ ರೈಲಿನಲ್ಲಿ ಗೌರಿಬಿದನೂರಿಗೆ ಬರುತ್ತಿದ್ದರು. ಲ್ಯಾಬಿನಲ್ಲಿ ಆಸಿಡ್ ಕಂಡು ನಾವು ಹಿಂದೆ ಸರಿದರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಏನೂ ಆಗಲ್ಲ, ಬನ್ರಮ್ಮ" ಎನ್ನುತ್ತಿದ್ದರು.

ಹಿಜಾಬ್ ಗಲಾಟೆಯ ವರ್ಷ ನಾನು ಸೆಕೆಂಡ್ ಪಿಯುಸಿಯಲ್ಲಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕಾಲೇಜಿನ ಗೇಟಿನ ಮುಂದೆ ಕೇಸರಿ ಶಾಲು ಹೊದ್ದ ಗುಂಪು ಕೂಗುತ್ತಿತ್ತು. ಹಿಜಾಬ್ ತೊಟ್ಟಿದ್ದ ನಾನು ರಸ್ತೆಯ ಆಚೆಯೇ ನಿಂತುಬಿಟ್ಟೆ. ಮೇಡಂ ಗುಂಪನ್ನು ದಾಟಿ ಬಂದು ನನ್ನ ಕೈ ಹಿಡಿದರು.

"ಏನೂ ಆಗಲ್ಲ, ಬಾಮ್ಮ."

ಅವರ ಅಂಗೈ ಬೆವೆತು ತಣ್ಣಗಾಗಿತ್ತು.

ಗೇಟಿನಲ್ಲಿ ಪ್ರಿನ್ಸಿಪಾಲರು ತಡೆದರು. "ಇಲ್ಲೇ ತೆಗೀಲಿ ಮೇಡಂ. ಆರ್ಡರ್ ಇದೆ."

"ಇಷ್ಟು ಜನರ ಮುಂದೆ ಬೇಡ ಸಾರ್. ಲ್ಯಾಬಲ್ಲಿ ತೆಗೀತಾಳೆ."

ಪ್ರಿನ್ಸಿಪಾಲರು ಮತ್ತೆ ತಡೆಯುವ ಮೊದಲೇ ಮೇಡಂ ನನ್ನನ್ನು ಒಳಗೆ ಕರೆದೊಯ್ದು, ಲ್ಯಾಬಿನ ಚಿಲಕ ಹಾಕಿ, ಗೋಡೆಯ ಕಡೆ ತಿರುಗಿ ನಿಂತರು. ಹೊರಗೆ ಯಾರೋ ಬಾಗಿಲು ಬಡಿದರು. ನಾನು ಪಿನ್ನು ಬಿಚ್ಚಿ ಮುಗಿಸುವವರೆಗೂ ಅವರು ಬಾಗಿಲು ತೆರೆಯಲಿಲ್ಲ.

ಪರೀಕ್ಷೆ ಮುಗಿಯಿತು. ಸಂಜೆ ಅವರೇ ನನ್ನನ್ನು ಬಸ್ ಹತ್ತಿಸಲು ಬಂದರು. ಹಿಂದಿನಿಂದ ಶಾಲಿನವನೊಬ್ಬ ಮೆಲ್ಲಗೆ ಕೇಳಿದ: "ಮೇಡಂ, ನಿಮ್ಮನೆ ತೊಂಡೇಬಾವೀಲಿ ಅಲ್ವಾ? ಸ್ಟೇಷನ್ ಹತ್ರಾನೇ?"

ನಾನು ಬಸ್ ಹತ್ತಿದ ಮೇಲೆ ಮೇಡಂ ಒಬ್ಬರೇ ರೈಲಿಗೆ ನಡೆದರು. ಅವನು ಅವರ ಹಿಂದೆಯೇ ಹೋದ.

ಮರುದಿನ ನನಗೆ ಪರೀಕ್ಷೆ ಇರಲಿಲ್ಲ. ಆದರೂ ಅಮ್ಮಿಗೆ ಹೇಳದೆ ಹೋಗಿ, ರೈಲು ಬರುವ ಹೊತ್ತಿಗೆ ಗೌರಿಬಿದನೂರು ಸ್ಟೇಷನ್ನಿನ ಹೊರಗೆ ನಿಂತೆ. ಇಳಿದ ಜನರೆಲ್ಲ ಹೋದ ಮೇಲೆ ಮೇಡಂ ಕಂಡರು. ಅವತ್ತು ಮೊದಲ ಸಲ ಅವರ ಜೊತೆ ಗಂಡ ಬಂದಿದ್ದರು.