ಕಂದು ಹಲ್ಲಿನ ಮದರ್‌ಬೋರ್ಡ್

ನಮ್ಮ ಮನೆಗೆ ಏನೇ ಬರಲಿ, ಎತ್ತಾಗಲಿ, ಪಂಪ್‌ಸೆಟ್ಟಾಗಲಿ, ಮಿಕ್ಸಿಯಾಗಲಿ, ಮೊದಲು ದೊಡ್ಡಪ್ಪ ನೋಡಬೇಕು. ಎತ್ತು ನೋಡುವುದರಲ್ಲಿ ಅವರದು ಪಳಗಿದ ಕಣ್ಣು. ಬಾಯಿ ಬಿಡಿಸಿ ಹಲ್ಲೆಣಿಸಿ, ಮೈಮೇಲಿನ ಸುಳಿ ಹುಡುಕಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಬೆನ್ನ ಮೇಲೆ ಅಂಗೈ ಇಟ್ಟರೆ ಮುಗಿಯಿತು. ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಶಿಕಾರಿಪುರದ ಸುತ್ತಿನ ಹಳ್ಳಿಗಳಲ್ಲಿ ಅವರಿಲ್ಲದೆ ಯಾರೂ ಜೋಡಿ ಕೊಳ್ಳುತ್ತಿರಲಿಲ್ಲ. ಇದೆಲ್ಲ ಪಕ್ಕದ ಮನೆಯ ಯಜಮಾನರಿಗೆ ಅವರು ಆರಿಸಿಕೊಟ್ಟ ಎತ್ತು ಹೊಲದಲ್ಲಿ ಮಲಗುವವರೆಗೆ ಮಾತ್ರ. ಆ ಎತ್ತು ನೊಗ ಕಂಡರೆ ಸಾಕು, ಮಲಗಿಬಿಡುತ್ತಿತ್ತು. ಅಲ್ಲಿಂದಾಚೆ ದೊಡ್ಡಪ್ಪನನ್ನು ಸಂತೆಗೆ ಕರೆಯುವವರೇ ಇಲ್ಲವಾದರು. ಅವರು ಮಾತ್ರ ದಿನಾ ಒಗೆದ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಕರೆ ಬಂದರೆ ತಡವಾಗಬಾರದೆಂದು ಚಪ್ಪಲಿ ಹಾಕಿಕೊಂಡೇ ಕಟ್ಟೆಯ ಮೇಲೆ ಕೂರುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಕಂಪ್ಯೂಟರ್‌ನಲ್ಲಿ ಕಾರ್ ರೇಸ್ ಆಡುವ ಹುಚ್ಚು ಹಿಡಿದಿತ್ತು. ಒಂದೊಂದೇ ಬಿಡಿಭಾಗ ಕೂಡಿಸುತ್ತ ಬಂದಿದ್ದೆ: ಮಾನಿಟರ್, ಪೆಟ್ಟಿಗೆ, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು. ಉಳಿದದ್ದು ಇವನ್ನೆಲ್ಲ ಕೂರಿಸುವ ಮದರ್‌ಬೋರ್ಡ್ ಒಂದೇ. ತೀರಾ ಅಗ್ಗದ್ದು ಬೇಡ, ದುಬಾರಿಯದು ಕೈಗೆಟುಕದು. ಕೊಟ್ಟ ಕಾಸಿಗೆ ಮೋಸವಿಲ್ಲದ ನಡುವಿನದು ಬೇಕೆಂದು ಪತ್ರಿಕೆ ಓದಿ ಓದಿ ತಲೆ ಕೆಡಿಸಿಕೊಂಡಿದ್ದೆ. ಆಟದ ಚಿತ್ರಗಳನ್ನು ಸರಾಗವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಲು ಎಜಿಪಿ ಸ್ಲಾಟ್ ಮಾತ್ರ ಅದರಲ್ಲಿ ಇರಲೇಬೇಕು. ಅದಿಲ್ಲದ ಬೋರ್ಡ್ ತಂದರೆ ನನ್ನ ಕಾರ್ಡನ್ನು ಗೋಡೆಗೆ ತೂಗುಹಾಕಬೇಕು, ಅಷ್ಟೇ.

"ಬೋರ್ಡ್ ತರಾಕೆ ಸೊರಬಕ್ಕೆ ಹೋಗ್ತೀಯಲ್ಲ, ದೊಡ್ಡಪ್ಪನ್ನ ಕರ್ಕಂಡ್ ಹೋಗು," ಎಂದರು ಅಪ್ಪ.

"ಅಪ್ಪಾ, ಅದು ಎತ್ತಲ್ಲ!"

"ಗೊತ್ತೈತಿ ಬಿಡೋ." ಅಪ್ಪ ದನಿ ತಗ್ಗಿಸಿದರು. "ಯಾರಾದ್ರೂ ಕರೀಲಿ ಅಂತ ಕಾಯ್ತಾ ಕುಂತಾರೆ ಅಣ್ಣ."

ನನಗೆ ಮೈಯೆಲ್ಲ ಉರಿಯಿತು. ಆದರೂ ಕಟ್ಟೆಯ ಹತ್ತಿರ ಹೋಗಿ ಕರೆದೆ. ಎಲ್ಲಿಗೆ, ಯಾಕೆ ಎಂದು ಒಂದು ಮಾತೂ ಕೇಳದೆ ಎದ್ದು ಬಂದರು. ಬಸ್ಸಿನಲ್ಲಿ ನೋಡಿದರೆ ಪಕ್ಕದ ಮನೆಯ ಯಜಮಾನರೂ ಹತ್ತಿ ಕೂತಿದ್ದಾರೆ! "ಸೊರಬದಾಗೆ ನಂದೂ ಒಂದ್ ಕೆಲಸ ಐತಿ" ಎಂದರು. ಕೆಲಸವೂ ಇಲ್ಲ, ಮಣ್ಣೂ ಇಲ್ಲ. ದೊಡ್ಡಪ್ಪ ಎಡವುವುದನ್ನು ಕಣ್ಣಾರೆ ನೋಡಬೇಕಿತ್ತು ಅವರಿಗೆ.

ಸೊರಬದ ಅಂಗಡಿಯವನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ಪೇಪರ್ ಹಾಸಿ ಎರಡು ಬೋರ್ಡ್ ಇಟ್ಟ. ಒಂದು ಅಗ್ಗದ್ದು, ಎಜಿಪಿ ಸ್ಲಾಟ್ ಇಲ್ಲ. ಇನ್ನೊಂದು ನಾನು ಕನಸಿನಲ್ಲೂ ಕನವರಿಸುತ್ತಿದ್ದ ನಡುವಿನ ದರದ್ದು.

"ಗೇಮ್ ಆಡೂಕಾದ್ರೆ ಇದೇ ಒಳ್ಳೇದು ಮಾರಾಯ್ರೆ," ಎಂದು ನನ್ನ ಬೋರ್ಡನ್ನೇ ತೋರಿಸಿದ. ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ದೊಡ್ಡಪ್ಪ ಕನ್ನಡಕ ಏರಿಸಿದರು. ಬೋರ್ಡನ್ನು ಮಗುಚಿ ಹಾಕಿ ಬೆಸುಗೆಯ ಮುಳ್ಳುಗಳ ಮೇಲೆ ಬೆರಳಾಡಿಸಿದರು. ಮೂಸಿದರು.

"ವಯಸ್ಸೆಷ್ಟು?"

"ಎಂತ ವಯಸ್ಸು ಮಾರಾಯ್ರೆ? ಹೋದ ವಾರ ಬಂದದ್ದು."

"ಎಳೇದು," ಎಂದರು ದೊಡ್ಡಪ್ಪ. "ಎಲ್ಲಿ, ಒಂದೀಟು ನಡೆಸಿ ತೋರಿಸ್ರಿ."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ಪಾಪ, ಅವನು ಕರೆಂಟ್ ಕೊಟ್ಟು ಫ್ಯಾನ್ ತಿರುಗಿಸಿದ. ದೊಡ್ಡಪ್ಪ ಕಣ್ಣು ಮುಚ್ಚಿ ಅದರ ಉಸಿರಾಟ ಕೇಳಿದರು. ಪಕ್ಕದ ಟೈಲರ್ ಅಂಗಡಿಯವರೆಲ್ಲ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು ನಿಂತರು. ಒಬ್ಬರೂ ನಗಲಿಲ್ಲ, ಅದೇ ಸೋಜಿಗ. ಆಮೇಲೆ ದೊಡ್ಡಪ್ಪನ ಬೆರಳು ಎಜಿಪಿ ಸ್ಲಾಟಿನ ಮೇಲೆ ನಿಂತಿತು. ಉಳಿದ ಸ್ಲಾಟುಗಳು ಬೆಳ್ಳಗೆ ಒಂದೇ ಸಾಲಿನಲ್ಲಿದ್ದರೆ, ಅದೊಂದು ಕಂದು ಬಣ್ಣದ್ದು, ಸಾಲು ಬಿಟ್ಟು ತುಸು ಹಿಂದಕ್ಕಿತ್ತು.

"ಎಲ್ಲಾ ಹಲ್ಲು ಬೆಳ್ಳಗದಾವು, ಇದೊಂದು ಕಂದು. ಸಾಲಿಗೂ ನಿಂತಿಲ್ಲ. ಐಬು ಐತಿ ಇದಕ್ಕೆ. ಬ್ಯಾಡ."

"ದೊಡ್ಡಪ್ಪಾ, ಅದೇ..." ಎಂದು ಬಾಯಿ ತೆರೆದೆ.

"ಯಾಕಪ್ಪಾ, ನಿಮ್ಮ ದೊಡ್ಡಪ್ಪನ ಕಣ್ಣು ಈ ಸಲನೂ ತಪ್ಪಿತೇನು?" ಎಂದರು ಯಜಮಾನರು, ಎಲ್ಲರಿಗೂ ಕೇಳುವಂತೆ.

ದೊಡ್ಡಪ್ಪ ಅವರತ್ತ ತಿರುಗಲಿಲ್ಲ, ನನ್ನನ್ನೇ ನೋಡಿದರು. ಬೋರ್ಡನ್ನು ಮೆಲ್ಲಗೆ ಪೇಪರಿನ ಮೇಲಿಟ್ಟರು. ಎರಡು ವರ್ಷ ಕೂಡಿಟ್ಟ ಆಸೆಯನ್ನು ಅಲ್ಲೇ ಬಿಟ್ಟುಕೊಟ್ಟೆ.

"ಅದೇ... ನೀವು ಹೇಳಿದ್ದೇ ಸರಿ ಅಂತ ಹೇಳಾಕೆ ಬಂದೆ."

ದೊಡ್ಡಪ್ಪ ಅಗ್ಗದ ಬೋರ್ಡಿನ ಮೇಲೆ ಅಂಗೈ ಇಟ್ಟರು. ಪದ್ಧತಿಯಂತೆ ನಾನು ಹನ್ನೊಂದು ರೂಪಾಯಿ ಸಂಚಕಾರ ಕೊಟ್ಟು ವ್ಯಾಪಾರ ಗಟ್ಟಿ ಮಾಡಿದೆ. ಮುಂಗಡವಾಗಿ ಹನ್ನೊಂದು ರೂಪಾಯಿ ಕೊಟ್ಟ ನಾನು ಮರುಕ್ಷಣವೇ ಉಳಿದ ಹಣವನ್ನೂ ಎಣಿಸಿ ಕೊಟ್ಟಾಗ, ಅಂಗಡಿಯವನು ನನ್ನ ತಲೆ ನೆಟ್ಟಗಿಲ್ಲವೆಂದು ಖಾತ್ರಿ ಮಾಡಿಕೊಂಡ.

ಮನೆಯಲ್ಲಿ, ನನ್ನ ಕಾರ್ಡಿಲ್ಲದೆ, ಬೋರ್ಡಿನಲ್ಲೇ ಇದ್ದ ಬಡಪಾಯಿ ಗ್ರಾಫಿಕ್ಸಿನ ಮೇಲೆ ಆಟ ಶುರುವಾಯಿತು, ಅಂದರೆ ಶುರುವಾದಂತೆ ಮಾಡಿತು. ನನ್ನ ಕಾರು ಗೆರೆ ದಾಟಿ ಮೊದಲ ತಿರುವಿಗೆ ಬರುವಷ್ಟರಲ್ಲಿ ಅವ್ವ ಟೀ ಕುದಿಸಿ, ಸೋಸಿ, ತಂದಿಟ್ಟು ಹೋಗಿದ್ದಳು. ಯಜಮಾನರು ಕಿಟಕಿಯಲ್ಲಿ ಇಣುಕಿ "ಹೆಂಗೈತಿ?" ಎಂದಾಗಲೆಲ್ಲ "ಭಾರಿ ಐತಿ ಕಣ್ರೀ, ಹಿಡಿಯಾಕೇ ಆಗವಲ್ದು" ಎಂದು ಸುಳ್ಳು ಹೊಡೆದೆ. ದೊಡ್ಡಪ್ಪ ಹಿಂದೆ ಕುರ್ಚಿ ಹಾಕಿಕೊಂಡು ಸಂಜೆಯಿಡೀ ಸುಮ್ಮನೆ ನೋಡುತ್ತಿದ್ದರು.

ಆ ಸುಳ್ಳು ಚೆನ್ನಾಗಿಯೇ ಕೆಲಸ ಮಾಡಿತು. ತಿಂಗಳೊಳಗೆ ಯಜಮಾನರೇ ನಮ್ಮ ಕಟ್ಟೆಗೆ ಬಂದರು. ಅವರ ಅಳಿಯ ಶಿಕಾರಿಪುರದಲ್ಲಿ ಕಂಪ್ಯೂಟರ್ ಗೇಮಿನ ಅಂಗಡಿ ಇಡುತ್ತಾನಂತೆ, ಆರು ಬೋರ್ಡ್ ಬೇಕಂತೆ. "ನೀವೇ ಬಂದು ನೋಡಿಕೊಡ್ಬೇಕು ನೋಡ್ರಿ," ಎಂದರು. ದೊಡ್ಡಪ್ಪನ ಮುಖ ಅರಳಿತು. ನನ್ನ ಎದೆ ಧಸಕ್ಕೆಂದಿತು. ಅಂಥವೇ ಆರು! ಅಳಿಯನ ಅಂಗಡಿ ವಾರಕ್ಕೇ ಮುಚ್ಚುತ್ತದೆ, ದೊಡ್ಡಪ್ಪ ಇನ್ನು ಕಟ್ಟೆಯ ಮೇಲೂ ಕೂರಲಾರರು.

"ನೀನೂ ಬಾ," ಎಂದರು ದೊಡ್ಡಪ್ಪ ನನಗೆ.

ಬಸ್ಸು ಶಿರಾಳಕೊಪ್ಪ ದಾಟಿತು. ಮುಂದಿನ ಸೀಟಿನಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ನಿಜಕ್ಕೂ ನಿದ್ದೆ ಹತ್ತಿದೆಯೇ ಎಂದು ಎರಡು ಸಲ ಬಗ್ಗಿ ನೋಡಿ, ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದರು.

"ನಿನ್ನ ಕಾರು ಓಡಂಗಿಲ್ಲ ಅಂತ ಮೊದಲ್ನೇ ದಿನಾನೇ ಗೊತ್ತಾತು ನಂಗೆ. ಇವತ್ತು ಯಾವ್ದು ಹಿಡೀಬೇಕು, ಈಗ್ಲೇ ಹೇಳ್ಬಿಡು."

ನಾಚಿಕೆಯೂ ಆಯಿತು, ಅಳುವೂ ಬಂತು. ಸಾವರಿಸಿಕೊಂಡು, ಕಂದು ಹಲ್ಲಿದ್ದದ್ದನ್ನೇ ಹಿಡಿಯಬೇಕೆಂಬುದರಿಂದ ಶುರುಮಾಡಿ, ಪಿಸುಮಾತಿನಲ್ಲಿ ಒಂದೊಂದಾಗಿ ಹೇಳಿದೆ. ಅವರು ಕಣ್ಣು ಮುಚ್ಚಿ, ಶಾಲೆಗೆ ಹೊಸದಾಗಿ ಸೇರಿದವರಂತೆ ತುಟಿ ಅಲುಗಿಸುತ್ತ ಕೇಳಿದರು.

"ಇನ್ನೊಂದ್ ಸಲ ಹೇಳಪ್ಪಾ," ಎಂದರು. "ವಯಸ್ಸಾತು ನೋಡು, ನೆನಪು ನಿಲ್ಲಂಗಿಲ್ಲ."