ಗುರುವಾರದ ಪ್ರಶ್ನೆ

ಚೆನ್ನೈನ ಪುರಸೈವಾಕ್ಕಂನ ಒಂದು ಶಾಲೆಯಲ್ಲಿ ಜಯಲಕ್ಷ್ಮೀ ಇಪ್ಪತ್ತಮೂರು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದಾರೆ. ಸಿಟ್ಟಿನ ಹೆಂಗಸು ಎಂದೇ ಹೆಸರು. ಪಾಠದ ನಡುವೆ ಯಾರಾದರೂ ಸರ್ಕ್ಯುಲರ್ ತಂದರೆ ಸಾಕು, ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ಆದರೆ ಮಕ್ಕಳು ಎಂಥ ಅಡ್ಡಪ್ರಶ್ನೆ ಕೇಳಿದರೂ ಮುಖ ಅರಳುತ್ತದೆ.

ಕಳೆದ ವರ್ಷ ಶಾಲೆಗೆ ಆರು ಮೆಟ್ಟಿಲಿನ ಚಾರ್ಟು ಬಂತು. ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದನ್ನು ಕಟ್ಟುವುದು. ಮಗುವಿನ ಯೋಚನೆ ಹೀಗೆ ಮೇಲೇರುತ್ತದಂತೆ. ಮಾತೇನೋ ಒಳ್ಳೆಯದೇ. ಆದರೆ ಎಂಥ ಒಳ್ಳೆಯ ಮಾತೂ ಆಫೀಸಿನವರ ಕೈಗೆ ಸಿಕ್ಕರೆ ಫಾರಂ ಆಗಿಬಿಡುತ್ತದೆ. ದಿನಕ್ಕೊಂದು ಮೆಟ್ಟಿಲು, ಮೆಟ್ಟಿಲಿಗೊಂದು ಬಣ್ಣ. ಟೀಚರು ಯೋಜನೆ ಬರೆಯುವುದೂ ಮಕ್ಕಳು ನೋಟ್ಸ್ ಬರೆಯುವುದೂ ಆಯಾ ಬಣ್ಣದ ಪೆನ್ನಿನಲ್ಲೇ.

ಇದನ್ನೆಲ್ಲ ನೋಡಿಕೊಳ್ಳಲು ಬಂದವರು ಮೈಸೂರಿನ ರವಿಕಿರಣ್. ಜಯಲಕ್ಷ್ಮೀಗಿಂತ ಇಪ್ಪತ್ತು ವರ್ಷ ಚಿಕ್ಕವರು.

"ಮೇಡಂ, 'ಮಕ್ಕಳಿಗೆ ಅರ್ಥವಾಗುತ್ತದೆ' ಅಂತ ಬರ್ದಿದೀರ. ಅದನ್ನ ಅಳೆಯಕ್ಕಾಗಲ್ಲ. ಪಟ್ಟೀಲಿರೋ ಪದಾನೇ ಹಾಕಿ."

"ಎರಡನೇ ಮೆಟ್ಟಿಲಿನ ಹೆಸರೇ ಅದು ತಾನೇ ಸಾರ್? ಮಕ್ಕಳ ಮುಖ ಪಾತ್ತು, ನೋಡಿನೇ ಹೇಳ್ತೀನಿ ನಾನು, ಅರ್ಥ ಆಯ್ತಾ ಇಲ್ಲವಾ ಅಂತ."

"ಮುಖಕ್ಕೆ ಕಾಲಂ ಇಲ್ಲ ಮೇಡಂ. ಸೋಮವಾರ ನಿಮ್ಮ ಕ್ಲಾಸಿಗೆ ಬರ್ತೀನಿ. ನಿಮಗೆ ಮೂವತ್ತಕ್ಕೆ ಇಪ್ಪತ್ತು ಅಂಕ ಬರ್ಲಿಲ್ಲ ಅಂದ್ರೆ ಎಂಟನೇ ಕ್ಲಾಸು ಬೇರೆಯವರಿಗೆ. ನಿಮ್ಮನ್ನ ಲೈಬ್ರರಿಗೆ ಹಾಕ್ಬೇಕಾಗತ್ತೆ."

ಪಾಠವಿಲ್ಲದೆ ಆಕೆಗೆ ಶಾಲೆಯೇ ಇಲ್ಲ. ಹಲ್ಲು ಕಚ್ಚಿಕೊಂಡು ಸೋಮವಾರಕ್ಕೆ ಒಂದನೇ ಮೆಟ್ಟಿಲು ಬರೆದರು, ನೀಲಿಯಲ್ಲಿ: ನೀರು ಆವಿಯಾಗುವುದರ ವ್ಯಾಖ್ಯೆ ಹೇಳುವರು, ಉದಾಹರಣೆ ಪಟ್ಟಿ ಮಾಡುವರು.

ಸೋಮವಾರ ರವಿಕಿರಣ್ ಹಿಂದಿನ ಬೆಂಚಿನಲ್ಲಿ ಫೈಲು ಬಿಚ್ಚಿ ಕೂತರು. ಮಡಕೆಯ ಮೈಯಿಂದ ನೀರು ಆವಿಯಾಗಿ ಒಳಗಿನ ನೀರು ತಣ್ಣಗಾಗುತ್ತದೆ ಎಂದು ಜಯಲಕ್ಷ್ಮೀ ಹೇಳುತ್ತಿದ್ದಂತೆ ರಾಯಪುರಂನ ಅನ್ಬರಸಿ ಎದ್ದು ನಿಂತಳು. ಮೀನು ಮಾರುವವರ ಮನೆಯ ಹುಡುಗಿ. ತಮಿಳಿನಲ್ಲಿ ಕೇಳಿದಳು:

"ಮಿಸ್, ತಿರುವಳ್ಳೂರಲ್ಲಿ ನಮ್ಮಜ್ಜಿ ಮನೆ ಮಡಕೇಲಿ ನೀರು ತಣ್ಣಗಿರತ್ತೆ. ಸಮುದ್ರದ ಪಕ್ಕ ನಮ್ಮನೇಲಿ ಅಷ್ಟು ತಣ್ಣಗಾಗಲ್ಲ. ಮಡಕೆ ಒಂದೇ ಥರದ್ದು. ಯಾಕೆ?"

ಇಂಥ ಪ್ರಶ್ನೆಗಾಗಿಯೇ ಆಕೆ ಇಪ್ಪತ್ತಮೂರು ವರ್ಷ ಗಂಟಲು ಹರಿದುಕೊಂಡದ್ದು. ಕಡಲ ಗಾಳಿಯಲ್ಲಿ ಮೊದಲೇ ತೇವ ತುಂಬಿದೆ, ಅದು ಇನ್ನೆಷ್ಟು ನೀರು ಹೀರೀತು? ಮಕ್ಕಳ ಬಾಯಿಂದಲೇ ಅದನ್ನು ಹೊರಡಿಸಬಹುದಿತ್ತು. ಆದರೆ ಅದು ಬಿಡಿಸಿ ನೋಡುವ ನಾಲ್ಕನೇ ಮೆಟ್ಟಿಲು. ರವಿಕಿರಣ್ ಪೆನ್ನು ಎತ್ತಿದ್ದರು.

"ಕೂತ್ಕೋ. ಅದು ಗುರುವಾರದ ಪ್ರಶ್ನೆ," ಎಂದರು ಜಯಲಕ್ಷ್ಮೀ.

ಅನ್ಬರಸಿ ಕೂತಳು. ಇಪ್ಪತ್ತೆಂಟು ಅಂಕ ಬಂತು. "ಯೋಜನೆ ಬಿಟ್ಟು ಒಂಚೂರೂ ಆಚೀಚೆ ಹೋಗ್ಲಿಲ್ಲ ಮೇಡಂ, ಸೂಪರ್," ಎಂದು ರವಿಕಿರಣ್ ಕೈಮುಗಿದರು. ಆ ಹೊಗಳಿಕೆ ಕೇಳಿ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕಿದರು.

ಗುರುವಾರ ಕ್ಲಾಸಿಗೆ ಕಾಲಿಟ್ಟವರೇ, "ಅನ್ಬರಸಿ, ಅವತ್ತು ಕೇಳಿದ್ಯಲ್ಲ, ಈಗ ಕೇಳು," ಎಂದರು.

ಹುಡುಗಿ ಎದ್ದು ನಿಂತಳು, ಕೇಳಲಿಲ್ಲ. ಜಯಲಕ್ಷ್ಮೀಯೇ ಬೋರ್ಡಿನ ಮೇಲೆ ಬರೆದರು: ರಾಯಪುರಂನ ಮಡಕೆಯಲ್ಲಿ ನೀರು ಯಾಕೆ ಅಷ್ಟು ತಣ್ಣಗಾಗುವುದಿಲ್ಲ? ಅನ್ಬರಸಿ ಅದನ್ನು ಬೇರೆ ಯಾರದೋ ಪ್ರಶ್ನೆ ಎಂಬಂತೆ ಓದಿ, ಪೆನ್ನಿನ ಡಬ್ಬಿ ತೆರೆದಳು.

"ಮಿಸ್, ಇದನ್ನ ಯಾವ ಬಣ್ಣದಲ್ಲಿ ಬರೀಬೇಕು?"

ಸಿಟ್ಟು ನೆತ್ತಿಗೇರಿತು. ಸೀಮೆಸುಣ್ಣ ಕುಕ್ಕಲು ಕೈ ಎತ್ತಿದರು, ಎತ್ತಿದ ಕೈ ಹಾಗೇ ನಿಂತಿತು. ಸೋಮವಾರ ಅವಳನ್ನು ಕೂರಿಸಿದ್ದು ರವಿಕಿರಣ್ ಅಲ್ಲ, ತಾನು. ಉಳಿದ ಮೂವತ್ತೆಂಟು ಮಕ್ಕಳೂ ಪೆನ್ನಿನ ಡಬ್ಬಿ ತೆರೆದಿಟ್ಟುಕೊಂಡು, ಮಿಸ್ ಬಣ್ಣ ಹೇಳಲೆಂದು ಕಾಯುತ್ತಿದ್ದರು.